ನಿತ್ಯದ ಅನ್ಯಾಯಕ್ಕೊಂದು ಸಾಕ್ಷ್ಯ

ಅನ್ಯಾಯವು ರೂಢಿಯಾಗಿ ಬೇರೂರಿದ ಮೇಲೆ ಕಣ್ಣಿಗೆ ಬೀಳುವುದಿಲ್ಲ. ದಕ್ಷಿಣ ಆಫ್ರಿಕದ ವರ್ಣಭೇದ ನೀತಿ ಅಂಥದು. ಅದು ಶಾಸನದ ಪುಟಗಳಲ್ಲಿ ಮಾತ್ರವಲ್ಲ, ರೈಲು ನಿಲ್ದಾಣದಲ್ಲಿ, ಉದ್ಯಾನದ ಬೆಂಚಿನಲ್ಲಿ, ಶಾಲೆಯ ಕೊಠಡಿಯಲ್ಲಿ ದಿನವೂ ನಡೆಯುತ್ತಿತ್ತು. ಅದನ್ನು ಜಗತ್ತಿಗೆ ಕಾಣಿಸಿದವರಲ್ಲಿ ಅರ್ನೆಸ್ಟ್ ಕೋಲ್ ಒಬ್ಬ.

1940ರಲ್ಲಿ ಪ್ರಿಟೋರಿಯಾದ ಬಳಿ ಹುಟ್ಟಿದ ಈ ಛಾಯಾಗ್ರಾಹಕ ಕಪ್ಪು ಜನಾಂಗದವನು. ಆ ಜನ ಪಾಸ್ ಪುಸ್ತಕವಿಲ್ಲದೆ ನಡೆದರೆ ಸೆರೆಮನೆಯೇ ಗತಿ. ಆತ ಕೋಲೆ ಎಂಬ ಹೆಸರನ್ನು ಕೋಲ್ ಎಂದು ಬದಲಿಸಿ, ಮಿಶ್ರವರ್ಣದವನೆಂದು ದಾಖಲೆ ಪಡೆದು, ನಿರಾಳವಾಗಿ ತಿರುಗಾಡುವ ಅವಕಾಶ ಗಳಿಸಿಕೊಂಡ. ಬಣ್ಣದಿಂದ ಮನುಷ್ಯರನ್ನು ವಿಂಗಡಿಸುವ ಕಾನೂನಿನ ಪೊಳ್ಳುತನಕ್ಕೆ ಬೇರೆ ನಿದರ್ಶನ ಬೇಕೆ?

ಆತನ ಚಿತ್ರಗಳಲ್ಲಿ ಆರ್ಭಟವಿಲ್ಲ. ಒಂದರಲ್ಲಿ, ಗಣಿಯ ಕೂಲಿಗೆ ಬಂದವರು ವೈದ್ಯಕೀಯ ತಪಾಸಣೆಗೆಂದು ಬತ್ತಲೆಯಾಗಿ, ಗೋಡೆಗೆ ಮುಖಮಾಡಿ, ತೋಳೆತ್ತಿ ಸಾಲಾಗಿ ನಿಂತಿದ್ದಾರೆ. ಇನ್ನೊಂದರಲ್ಲಿ, ಕಿಕ್ಕಿರಿದ ತರಗತಿಯಲ್ಲಿ ಕುಕ್ಕರಗಾಲಲ್ಲಿ ಕುಳಿತ ಬಾಲಕ ಬೆವರು ಸುರಿಸುತ್ತ ಪಾಠವನ್ನೇ ದಿಟ್ಟಿಸುತ್ತಿದ್ದಾನೆ. ಕಲಿಯುವ ಆ ಹಂಬಲವನ್ನು ಕಂಡಾಗಲೇ ವ್ಯವಸ್ಥೆಯ ಕ್ರೌರ್ಯ ನಮ್ಮ ಅರಿವಿಗೆ ಬರುವುದು.

1966ರಲ್ಲಿ ಆತ ದೇಶ ತೊರೆದ. ಮರುವರ್ಷ ನ್ಯೂಯಾರ್ಕಿನಲ್ಲಿ ‘ಹೌಸ್ ಆಫ್ ಬಾಂಡೇಜ್’ ಎಂಬ ಗ್ರಂಥ ಹೊರಬಂತು. ತಾಯ್ನಾಡು ಅದನ್ನು ನಿಷೇಧಿಸಿತು. ಮತ್ತೆಂದೂ ಮರಳದ ಕೋಲ್, 1990ರಲ್ಲಿ ಮಂಡೇಲಾ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ನ್ಯೂಯಾರ್ಕಿನಲ್ಲಿ ಕಣ್ಣುಮುಚ್ಚಿದ. 2017ರಲ್ಲಿ ಸ್ಟಾಕ್‌ಹೋಮಿನ ಬ್ಯಾಂಕೊಂದರ ಭದ್ರಕೋಣೆಯಿಂದ ಆತನ ಸುಮಾರು 60,000 ನೆಗೆಟಿವ್‌ಗಳು ಬಂಧುಗಳ ಕೈಸೇರಿದವು.

ಚಿತ್ರವೊಂದು ಅನ್ಯಾಯವನ್ನು ಅಳಿಸಲಾರದು, ನಿಜ. ಆದರೆ ಅದನ್ನು ನೋಡಿದವರು ‘ನಮಗೆ ತಿಳಿದಿರಲಿಲ್ಲ’ ಎನ್ನುವಂತಿಲ್ಲ. ಆ ಒಂದು ನೆಪವನ್ನು ಕಸಿದುಕೊಳ್ಳಲು ಕೋಲ್ ತೆತ್ತ ಬೆಲೆ, ತನ್ನ ತಾಯ್ನಾಡು.