ಮಣ್ಣಿನಲ್ಲಿ ಅರ್ಧ ಹುದುಗಿದ ಬೇಲಿ

ಹ್ಯೂಸ್ಟನ್ನಿಗೆ ಬಂದ ಕನ್ನಡಿಗರು ನಮ್ಮ ಪೇರ್ಲ್ಯಾಂಡಿಗೆ ಬಾರದೆ ಹಿಂದಿರುಗುವುದು ಅಪರೂಪ. ಮೀನಾಕ್ಷಿ ದೇವಾಲಯವಿರುವುದು ಇಲ್ಲಿಯೇ ಅಲ್ಲವೆ? ದರ್ಶನ ಮುಗಿಸಿ ದಕ್ಷಿಣಾಭಿಮುಖವಾಗಿ ಮುಕ್ಕಾಲು ಗಂಟೆ ಕಾರಿನಲ್ಲಿ ಸಾಗಿದರೆ ಗ್ಯಾಲ್ವೆಸ್ಟನ್ ದ್ವೀಪ. ಬಂದ ಅತಿಥಿಗಳಿಗೆ ಕಡಲು ತೋರಿಸಲೆಂದು ಅಲ್ಲಿಗೆ ಹೋದದ್ದಕ್ಕೆ ಲೆಕ್ಕವಿಲ್ಲ. ಆದರೆ ಆ ಊರನ್ನು ನಿಜವಾಗಿ ನೋಡಿದ್ದು, ಮಾರ್ಗದರ್ಶಕಿಯೊಬ್ಬರ ಹಿಂದೆ ಎರಡು ಗಂಟೆ ಕಾಲ್ನಡಿಗೆಯಲ್ಲಿ ಸುತ್ತಿದ ಒಂದು ಏಪ್ರಿಲ್ ಮುಂಜಾನೆ.

ಅಂದು ನನ್ನ ಮನಸ್ಸು ನೆಟ್ಟಗಿರಲಿಲ್ಲ. ಹಿಂದಿನ ರಾತ್ರಿ ಮಂಗಳೂರಿನಿಂದ ತಮ್ಮ ಫೋನು ಮಾಡಿದ್ದ. ಉಳ್ಳಾಲದ ದಕ್ಷಿಣಕ್ಕೆ, ಉಚ್ಚಿಲದ ಕಡಲ ದಂಡೆಯಲ್ಲಿ ನಮ್ಮ ತಂದೆ ಕಟ್ಟಿಸಿದ ಮನೆ. ಕಡಲ್ಕೊರೆತಕ್ಕೆ ಮೊದಲು ಹೋದದ್ದು ತೆಂಗಿನ ಸಾಲು. ಅನಂತರ ಬಾವಿಯ ನೀರು ಉಪ್ಪಾಯಿತು. ಈಗ ಅಲೆ ಅಂಗಳದ ಕಟ್ಟೆಯನ್ನು ಮುಟ್ಟುತ್ತಿದೆ. ಅಮ್ಮ ಮಾತ್ರ ಅಲ್ಲಿಂದ ಕದಲುವವರಲ್ಲ. "ಅಕ್ಕ, ಮಳೆಗಾಲಕ್ಕೆ ಮೊದಲು ನೀನೇ ಅವರಿಗೆ ಹೇಳಬೇಕು. ನನ್ನ ಮಾತು ಕೇಳುವುದಿಲ್ಲ" ಎಂದಿದ್ದ ತಮ್ಮ.

ನಡಿಗೆ ಆರಂಭವಾದುದು ಸ್ಟ್ರ್ಯಾಂಡ್ ಎಂಬ ಹಳೆಯ ವ್ಯಾಪಾರದ ಬೀದಿಯಿಂದ. ಹತ್ತೊಂಬತ್ತನೆಯ ಶತಮಾನದಲ್ಲಿ ಟೆಕ್ಸಾಸಿನ ಹತ್ತಿ ಲೋಕಕ್ಕೆಲ್ಲ ಹಡಗೇರಿದ್ದು ಈ ಬಂದರಿನಿಂದ. ಗುಲಾಮರ ಬಿಡುಗಡೆಯ ಆಜ್ಞೆಯನ್ನು ಜನರಲ್ ಗ್ರೇಂಜರ್ 1865ರ ಜೂನ್ 19ರಂದು ಹೊರಡಿಸಿದ್ದೂ ಈ ಊರಿನಲ್ಲಿಯೇ. 2021ರಿಂದ ಆ ದಿನ ದೇಶಕ್ಕೆಲ್ಲ ರಜೆ. ನಮ್ಮ ಮಕ್ಕಳಿಗೆ ಇದು ಶಾಲೆಯಲ್ಲಿಯೇ ತಿಳಿದಿತ್ತು, ನಮಗೆ ತಿಳಿದದ್ದು ತಡವಾಗಿ.

ಆ ವೈಭವಕ್ಕೆ ಪೆಟ್ಟು ಬಿದ್ದುದು 1900ರ ಸೆಪ್ಟೆಂಬರ್ 8ರಂದು. ದ್ವೀಪದ ಅತಿ ಎತ್ತರದ ಜಾಗವೇ ಒಂಬತ್ತು ಅಡಿಗೆ ಕಡಿಮೆ. ಅಂದು ಏರಿದ ಕಡಲು ಹದಿನೈದು ಅಡಿಗೂ ಹೆಚ್ಚು. ಸತ್ತವರು ಕನಿಷ್ಠ 6000 ಮಂದಿ. 8000 ಎನ್ನುವವರೇ ಹೆಚ್ಚು. ಅಮೆರಿಕದ ಇತಿಹಾಸದಲ್ಲಿ ಇಷ್ಟು ಜೀವಗಳನ್ನು ಬಲಿಗೊಂಡ ಪ್ರಕೃತಿವಿಕೋಪ ಮತ್ತೊಂದಿಲ್ಲ. ಸೇಂಟ್ ಮೇರೀಸ್ ಅನಾಥಾಲಯದ ಹತ್ತು ಮಂದಿ ಸನ್ಯಾಸಿನಿಯರು ಬಟ್ಟೆ ಒಣಗಿಸುವ ಹಗ್ಗದಿಂದ ಮಕ್ಕಳನ್ನು ತಮ್ಮ ಸೊಂಟಕ್ಕೆ ಕಟ್ಟಿಕೊಂಡರಂತೆ. ಅವರೊಂದಿಗೆ ತೊಂಬತ್ತು ಮಕ್ಕಳೂ ಹೋದರು. ಉಳಿದವರು ಮೂವರು ಹುಡುಗರು. ನಮ್ಮ ಗುಂಪಿನಲ್ಲಿ ಆಗ ಯಾರೂ ಮಾತನಾಡಲಿಲ್ಲ.

ಅಲ್ಲಿಂದ ಬ್ರಾಡ್‌ವೇ ಎಂಬ ಹೆದ್ದಾರಿಗೆ ಬಂದೆವು. 1859ರಲ್ಲಿ ಕಟ್ಟಿದ ಆಷ್ಟನ್ ವಿಲ್ಲಾ ಎಂಬ ಇಟ್ಟಿಗೆಯ ಭವನದ ಮುಂದೆ ಕಬ್ಬಿಣದ ಬೇಲಿಯೊಂದಿದೆ. ಅದು ಗಿಡ್ಡಾಗಿ ಕಂಡಿತು. ಇಷ್ಟು ದೊಡ್ಡ ಮನೆಗೆ ಇಷ್ಟು ಚಿಕ್ಕ ಬೇಲಿಯೇ ಎಂದುಕೊಂಡೆ. ಬೇಲಿ ಚಿಕ್ಕದಲ್ಲ, ಅದರ ಕೆಳಭಾಗ ನೆಲದೊಳಗೆ ಹುದುಗಿದೆ ಎಂದರು ಮಾರ್ಗದರ್ಶಕಿ. ಊರಿನ ನೆಲವನ್ನೇ ಮೇಲಕ್ಕೆತ್ತಿದ್ದರು!

ಬದುಕುಳಿದವರು ದ್ವೀಪವನ್ನು ಬಿಟ್ಟು ಹೋಗಲಿಲ್ಲ. 1902ರಲ್ಲಿ ಆರಂಭಿಸಿ 1904ರ ವೇಳೆಗೆ ಮೂರು ಮೈಲಿಗೂ ಮಿಕ್ಕ, ಹದಿನೇಳು ಅಡಿ ಎತ್ತರದ ಕಾಂಕ್ರೀಟಿನ ತಡೆಗೋಡೆಯನ್ನು ಕಟ್ಟಿದರು. ಬಳಿಕ ಅದರ ಹಿಂದಿನ ನೆಲವನ್ನು ತುಂಬಿಸುವ ಕೆಲಸ. ಎರಡು ಸಾವಿರಕ್ಕೂ ಹೆಚ್ಚು ಕಟ್ಟಡಗಳನ್ನು ತಿರುಪಿನ ಜಾಕಿಗಳ ಮೇಲೆ ಅಂಗುಲ ಅಂಗುಲವಾಗಿ ಎತ್ತಿ, ಅಡಿಗೆ ನೀರಿನೊಡನೆ ಮರಳನ್ನು ಕೊಳವೆಗಳಲ್ಲಿ ಹಾಯಿಸಿದರು. ನೀರು ಹರಿದುಹೋಗಿ ಮರಳು ಉಳಿಯುತ್ತಿತ್ತು. ಸೇಂಟ್ ಪ್ಯಾಟ್ರಿಕ್ ಇಗರ್ಜಿಯ ತೂಕವೇ 3000 ಟನ್. ಅದನ್ನು ಐದು ಅಡಿ ಎತ್ತಲು 700 ಜಾಕಿಗಳು ಬೇಕಾದವು. ವರ್ಷಾನುಗಟ್ಟಲೆ ಜನರು ಮರದ ಹಲಗೆಗಳ ಕಾಲುಹಾದಿಯಲ್ಲಿ ಓಡಾಡಿದರು. ಅಷ್ಟೂ ದಿನ ಹೆಂಗಸರು ಅಡಿಗೆ ಮಾಡಿದರು, ಬಟ್ಟೆ ಒಗೆದರು; ಇದನ್ನು ಯಾರೂ ಹೇಳಲಿಲ್ಲ, ನಾನೇ ಊಹಿಸಿಕೊಂಡೆ.

ಉಪ್ಪುಮರಳಿನಲ್ಲಿ ಗಿಡಮರಗಳೆಲ್ಲ ಸತ್ತವು. 1901ರಲ್ಲಿ ಸ್ಥಾಪಿತವಾದ ಮಹಿಳೆಯರ ಆರೋಗ್ಯ ಸಂರಕ್ಷಣಾ ಸಂಘದವರು ಮತ್ತೆ ಸಾವಿರಾರು ಸಸಿಗಳನ್ನು ನೆಡಿಸಿದರು. ಅವುಗಳಲ್ಲಿ ಮುಖ್ಯವಾದುದು ಯಾವುದೆನ್ನುತ್ತೀರಿ? ನಮ್ಮ ಕಣಗಿಲೆ! ಬೀದಿಯುದ್ದಕ್ಕೂ ನಸುಗೆಂಪಾಗಿ ಅರಳಿ ನಿಂತಿತ್ತು. ಅಮ್ಮ ದಿನವೂ ಬೆಳಗ್ಗೆ ದೇವರಿಗೆ ಕೊಯ್ಯುತ್ತಿದ್ದ ಹೂವು ಅದು.

"ಮನೆ ಎತ್ತಿಸಿದ ಖರ್ಚು ಯಾರದು?" ಎಂದು ಕೇಳಿದೆ. ನೆಲ ತುಂಬಿಸಿದ್ದು ಸರಕಾರದ ಹಣದಲ್ಲಿ, ಮನೆ ಎತ್ತಿಸುವುದು ಆಯಾ ಮಾಲೀಕರ ಹೊಣೆ ಎಂಬ ಉತ್ತರ ಬಂದಿತು. ಉಚ್ಚಿಲದ ಮನೆಗಳು ಕಣ್ಣಮುಂದೆ ಬಂದವು. ಅಲ್ಲಿ ಮಳೆಗಾಲ ಬಂತೆಂದರೆ ಲಾರಿಗಳಲ್ಲಿ ಕಲ್ಲುಬಂಡೆ ತಂದು ಸುರಿಯುತ್ತಾರೆ. ಹತ್ತಿಯ ಸಿರಿಯಿದ್ದ ಊರಿನ ಹಠಕ್ಕೂ, ಒಬ್ಬ ವಿಧವೆಯ ಹಠಕ್ಕೂ ಕಡಲಿನ ಮುಂದೆ ವ್ಯತ್ಯಾಸವಿದೆ. ಗೋಡೆಯೇನೋ 1915ರ ಚಂಡಮಾರುತದಲ್ಲಿ ಊರನ್ನು ಕಾಪಾಡಿತು. ಆದರೆ 1914ರಲ್ಲಿ ಹ್ಯೂಸ್ಟನ್ನಿನ ಹಡಗುಕಾಲುವೆ ತೆರೆದ ಮೇಲೆ ವ್ಯಾಪಾರ ಅತ್ತ ಸರಿಯಿತು. 2008ರ ಐಕ್ ಚಂಡಮಾರುತದಲ್ಲಿ ನೀರು ಗೋಡೆಯಿಲ್ಲದ ಹಿಂಬದಿಯಿಂದ, ಕೊಲ್ಲಿಯ ಕಡೆಯಿಂದ ಒಳನುಗ್ಗಿತು. ಅದು ಎಲ್ಲಿಯವರೆಗೆ ಏರಿತೆಂಬ ಗುರುತುಗಳು ಸ್ಟ್ರ್ಯಾಂಡಿನ ಗೋಡೆಗಳಲ್ಲಿವೆ. ನನ್ನ ತಲೆಗಿಂತ ಮೇಲಿದ್ದ ಒಂದರ ಕೆಳಗೆ ನಿಂತು ನೋಡಿದೆ.

ಅಂದು ರಾತ್ರಿಯೇ ಅಮ್ಮನಿಗೆ ಫೋನು ಮಾಡಿದೆ. ಮನೆ ಬಿಡಿ ಎನ್ನಲು ಬಾಯಿ ಬರಲಿಲ್ಲ. ಜಾಕಿಗಳ ಕಥೆಯನ್ನೇ ಹೇಳಿದೆ. ಅವರು ಎಲ್ಲವನ್ನೂ ಕೇಳಿ, "ಮನೆಯ ಒಳಗೆ ಇದ್ದುಕೊಂಡೇ ಎತ್ತಿಸಿದರಾ?" ಎಂದರು. ಹೌದೆಂದೆ. "ನಮ್ಮದನ್ನು ಎತ್ತುವವರು ಯಾರು?" ಎಂದು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಮಳೆ ನಿಲ್ಲುವವರೆಗೆ ಅವನ ಮನೆಗೆ ಹೋಗುತ್ತೇನೆ. ಬೀಗದ ಕೈ ಮಾತ್ರ ನನ್ನ ಹತ್ತಿರವೇ ಇರುತ್ತದೆ, ಅವನಿಗೆ ಹೇಳು" ಎಂದರು.

ಸಮ್ಮೇಳನದ ನೆವದಲ್ಲಿ ಈ ಕಡೆ ಬಂದವರು ಬೆಳಗ್ಗೆ ಬೇಗನೆ ಹೊರಡಿ. ಬಿಸಿಲೇರಿದ ಮೇಲೆ ಗ್ಯಾಲ್ವೆಸ್ಟನ್ನಿನಲ್ಲಿ ನಡೆಯುವುದು ಕಷ್ಟ. ಬ್ರಾಡ್‌ವೇಯಲ್ಲಿ ಆ ಬೇಲಿಯನ್ನು ನೋಡಲು ಮರೆಯಬೇಡಿ.