ಪಿಯಾನೋದೊಳಗಿನ ಲೆಕ್ಕ



ಕಛೇರಿಗೆ ಮುನ್ನ ತಂಬೂರಿಯ ಶ್ರುತಿ ಕೂಡಿಸುವುದನ್ನು ನೀವು ನೋಡಿರಬಹುದು. ಷಡ್ಜ, ಪಂಚಮಗಳು ಒಂದರಲ್ಲೊಂದು ಬೆರೆತಾಗ ಕಿವಿಗೆ ಎಷ್ಟು ಹಿತ! ಆದರೆ ಇಂದಿನ ಪಿಯಾನೋದಲ್ಲಿ ಅಂಥ ಶುದ್ಧ ಪಂಚಮ ಒಂದೂ ಇಲ್ಲವೆಂದರೆ ನಂಬುವಿರಾ? ಇದು ವಾದ್ಯ ತಯಾರಿಸಿದವರ ದೋಷವಲ್ಲ. ಇದರ ಹಿಂದಿರುವುದು ಗಣಿತ.

ಕಂಪನಸಂಖ್ಯೆ ಎರಡರಷ್ಟಾದರೆ ಅದೇ ಸ್ವರ ಮೇಲಿನ ಸ್ಥಾಯಿಯಲ್ಲಿ ಕೇಳಿಸುತ್ತದೆ. ಒಂದೂವರೆಯಷ್ಟಾದರೆ ಪಂಚಮ. ಈಗ ಒಂದು ಸ್ವರದಿಂದ ಅದರ ಪಂಚಮಕ್ಕೆ, ಅಲ್ಲಿಂದ ಅದರ ಪಂಚಮಕ್ಕೆ, ಹೀಗೆ 12 ಹೆಜ್ಜೆ ಏರಿರಿ. ಹನ್ನೆರಡು ಸ್ವರಸ್ಥಾನಗಳನ್ನೂ ಸುತ್ತಿ, ಏಳು ಸ್ಥಾಯಿ ಮೇಲೆ, ಹೊರಟ ಸ್ವರವನ್ನೇ ತಲುಪಬೇಕು. ಆದರೆ ಏಳು ಬಾರಿ ಇಮ್ಮಡಿಸಿದರೆ ಬರುವುದು 128; ಒಂದೂವರೆಯಿಂದ 12 ಬಾರಿ ಗುಣಿಸಿದರೆ ಸುಮಾರು 129.75. ಎಷ್ಟು ಸುತ್ತು ಹಾಕಿದರೂ ಇವೆರಡೂ ಕೂಡುವುದಿಲ್ಲ. ಮೂರನ್ನು ಮೂರರಿಂದ ಎಷ್ಟು ಸಲ ಗುಣಿಸಿದರೂ ಬೆಸಸಂಖ್ಯೆಯೇ. ಎರಡನ್ನು ಎರಡರಿಂದ ಗುಣಿಸಿದರೆ ಸಮಸಂಖ್ಯೆಯೇ.

ಹಿಂದೆ ಯೂರೋಪಿನ ಕೀಲಿಮಣೆ ವಾದ್ಯಗಳಲ್ಲಿ ಈ ಹೊಂದದ ಅಂತರವನ್ನೆಲ್ಲ ಒಂದು ಪಂಚಮದ ಮೇಲೆ ಹೇರುತ್ತಿದ್ದುದುಂಟು. ಅದರ ಕರ್ಕಶ ದನಿಗೆ ಅವರು 'ತೋಳ' ಎಂದೇ ಹೆಸರಿಟ್ಟರು. ಅದು ಎದುರಾಗುವ ಶ್ರುತಿಗಳಲ್ಲಿ ನುಡಿಸುವಂತೆಯೇ ಇರಲಿಲ್ಲ.

ಪರಿಹಾರವೇನು? ವ್ಯತ್ಯಾಸವನ್ನು ಎಲ್ಲರಿಗೂ ಸಮನಾಗಿ ಹಂಚುವುದು. 16ನೆಯ ಶತಮಾನದ ಕೊನೆಯ ಭಾಗದಲ್ಲಿ ಚೀನಾದ ರಾಜಕುಮಾರ ಝು ಝೈಯು ಇದರ ಲೆಕ್ಕವನ್ನು ನಿಖರವಾಗಿ ಮಾಡಿದ್ದರು. ತನ್ನಿಂದಲೇ 12 ಬಾರಿ ಗುಣಿಸಿದಾಗ 2 ಕೊಡುವ ಸಂಖ್ಯೆ ಸುಮಾರು 1.05946. ಒಂದು ಕೀಲಿಯಿಂದ ಪಕ್ಕದ ಕೀಲಿಗೆ ಇದೇ ಪ್ರಮಾಣ. ಆಗ ಪಂಚಮ 1.5ರ ಬದಲು 1.4983 ಆಗುತ್ತದೆ.

ಬಾಖ್ 1722ರಲ್ಲಿ 'ವೆಲ್ ಟೆಂಪರ್ಡ್ ಕ್ಲಾವಿಯರ್' ಮೊದಲ ಭಾಗದಲ್ಲಿ ಮೇಜರ್, ಮೈನರ್ ಸೇರಿ ಇಪ್ಪತ್ನಾಲ್ಕೂ ಶ್ರುತಿಗಳಲ್ಲಿ ರಚನೆಗಳನ್ನು ಕೊಟ್ಟರು. ಅವರು ಬಳಸಿದ್ದು ಈ ಸಮಪಾಲಿನ ಕ್ರಮವೇ ಎನ್ನಲಾಗದು. ಆದರೆ ಅವರಿಗೂ ಬೇಕಿದ್ದುದು ತೋಳನಿಲ್ಲದ ಕೀಲಿಮಣೆ. 1839ರಲ್ಲಿ ಪ್ರಕಟವಾದ ಶೋಪ್ಯಾನ್ ಅವರ 24 ಪ್ರಿಲ್ಯೂಡ್‌ಗಳು ಪಿಯಾನೋದ ಮೇಲೆ ಅದೇ ದಾರಿಯಲ್ಲಿ ನಡೆದವು.

ಪಿಯಾನೋ ಶ್ರುತಿ ಮಾಡುವವರನ್ನು ಎಂದಾದರೂ ಕಂಡರೆ ಗಮನಿಸಿ. 220 ಕಂಪನಗಳ ಸ್ವರವನ್ನೂ ಅದರ ಪಂಚಮವನ್ನೂ ಒಟ್ಟಿಗೆ ನುಡಿಸಿ, ನಾದದಲ್ಲಿ ನಾಲ್ಕು ಸೆಕೆಂಡಿಗೆ ಸುಮಾರು ಮೂರು ಏರಿಳಿತ ಕೇಳಿಸುವಂತೆ ತಂತಿಯನ್ನು ಹದಗೊಳಿಸುತ್ತಾರೆ. ಏರಿಳಿತ ಪೂರ್ತಿ ನಿಂತರೆ ಆ ಪಂಚಮ ಶುದ್ಧವಾದೀತು, ಆದರೆ ಲೆಕ್ಕ ಇನ್ನೆಲ್ಲೋ ತಪ್ಪೀತು. ಪ್ರತಿ ಪಂಚಮವೂ ಕೊಂಚ ಬಿಟ್ಟುಕೊಟ್ಟಿರುವುದರಿಂದಲೇ ಯಾವ ಶ್ರುತಿಯೂ ಹೊರಗುಳಿದಿಲ್ಲ.