ಸಿಡಿಲದೇವನ ಬಳ್ಳಿ

ಕಾಲಿಗೆ ಮುಳ್ಳು ನೆಟ್ಟಾಗ ಆ ಸ್ಥಳವು ಕೆಂಪೇರಿ, ಬಾತು, ಬಿಸಿಯಾಗಿ ನೋಯುವುದನ್ನು ನಾವೆಲ್ಲರೂ ಬಲ್ಲೆವು. ಇದೇ ಉರಿಯೂತ. ರೋಗಾಣುಗಳೊಡನೆ ದೇಹವು ಹೂಡುವ ಯುದ್ಧದ ಕುರುಹು ಇದು. ಆದರೆ ಶತ್ರುವೇ ಇಲ್ಲದೆಡೆ ಯುದ್ಧ ನಡೆದರೆ ಏನಾದೀತು? ರುಮಟಾಯ್ಡ್ ಸಂಧಿವಾತದಲ್ಲಿ ದೇಹದ ರಕ್ಷಕ ಕೋಶಗಳು ಕೀಲುಗಳ ಒಳಪೊರೆಯನ್ನೇ ಹಗೆಯೆಂದು ಭ್ರಮಿಸಿ ಅದರ ಮೇಲೆರಗುತ್ತವೆ. ಕಾಲಕ್ರಮದಲ್ಲಿ ಮೃದ್ವಸ್ಥಿಯೂ ಮೂಳೆಯೂ ಸವೆದು ಬೆರಳುಗಳು ಡೊಂಕಾಗುತ್ತವೆ.

ಈ ವ್ಯಾಧಿಗೆ ಚೀನದ ವೈದ್ಯರು ಬಳಸುತ್ತಿರುವ ಮೂಲಿಕೆಗಳಲ್ಲೊಂದು ‘ಲೇ ಗೊಂಗ್ ಟೆಂಗ್’, ಎಂದರೆ ಸಿಡಿಲದೇವನ ಬಳ್ಳಿ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಟ್ರಿಪ್ಟೆರಿಜಿಯಮ್ ವಿಲ್ಫೋರ್ಡಿಐ. ಇದರ ಎಲೆ ಚಿಗುರುಗಳು ವಿಷಮಯವಾದುವು. ಬೇರಿನ ಪುಡಿಯನ್ನು ರೈತರು ಪೈರಿನ ಹುಳುಗಳನ್ನು ಕೊಲ್ಲಲು ಉಪಯೋಗಿಸುತ್ತಿದ್ದರು. ಔಷಧಕ್ಕಾದರೋ ಬೇರಿನ ತೊಗಟೆಯನ್ನು ಹೆರೆದು, ಒಳತಿರುಳನ್ನು ಮಾತ್ರ ಬಳಸುವರು.

1972ರಲ್ಲಿ ಅಮೆರಿಕದ ರಸಾಯನವಿಜ್ಞಾನಿ ಎಸ್. ಮಾರಿಸ್ ಕುಪ್ಚನ್ ಮತ್ತು ಅವರ ಸಂಗಡಿಗರು ಈ ಬಳ್ಳಿಯಿಂದ ಟ್ರಿಪ್ಟೊಲೈಡ್ ಎಂಬ ಸಂಯುಕ್ತವನ್ನು ಬೇರ್ಪಡಿಸಿದುದನ್ನು ಪ್ರಕಟಿಸಿದರು. ಅದರ ಕಾರ್ಯವಿಧಾನವೇನು? ಯಾವುದೇ ಪ್ರೋಟೀನನ್ನು ತಯಾರಿಸಬೇಕಾದರೆ ಕೋಶವು ಮೊದಲು ಡಿ.ಎನ್.ಎ.ಯಲ್ಲಿನ ಸೂಚನೆಯನ್ನು ನಕಲುಮಾಡಿಕೊಳ್ಳಬೇಕು. ಈ ಕಾರ್ಯದ ಆರಂಭಕ್ಕೆ ಎಕ್ಸ್.ಪಿ.ಬಿ. ಎಂಬ ಪ್ರೋಟೀನು ಅವಶ್ಯಕ. ಟ್ರಿಪ್ಟೊಲೈಡ್ ಅದಕ್ಕೇ ಅಂಟಿಕೊಂಡು ಅದರ ಕೆಲಸವನ್ನು ತಡೆಯುವುದೆಂದು 2011ರಲ್ಲಿ ವಿದಿತವಾಯಿತು. ನಕಲು ಕುಂದಿದಂತೆ, ಉರಿಯೂತವನ್ನು ಕೆರಳಿಸುವ ಟಿ.ಎನ್.ಎಫ್. ಮೊದಲಾದ ಪ್ರೋಟೀನುಗಳ ಉತ್ಪತ್ತಿಯೂ ಇಳಿಯುತ್ತದೆ.

ಇದರಿಂದ ರೋಗಿಗೆ ಗುಣವುಂಟೆ? 2014ರಲ್ಲಿ ಪ್ರಕಟವಾದ ಚೀನದ ಒಂದು ಪರೀಕ್ಷೆಯಲ್ಲಿ 207 ರೋಗಿಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಿದ್ದರು. 24 ವಾರಗಳ ತರುವಾಯ, ರೋಗಲಕ್ಷಣಗಳು ಅರ್ಧದಷ್ಟಾದರೂ ಶಮನಗೊಂಡವರು ಮೆಥೊಟ್ರೆಕ್ಸೇಟ್ ಎಂಬ ರೂಢಿಯ ಔಷಧವನ್ನು ಪಡೆದವರಲ್ಲಿ ಶೇಕಡ 46, ಬಳ್ಳಿಯ ಸಾರವನ್ನು ಪಡೆದವರಲ್ಲಿ ಶೇಕಡ 55, ಎರಡನ್ನೂ ಪಡೆದವರಲ್ಲಿ ಶೇಕಡ 77.

ಫಲಿತಾಂಶವು ಆಶಾದಾಯಕವೇ ಸರಿ. ಆದರೆ ಒಂದು ಮಾತನ್ನು ನಾವು ಮರೆಯಲಾಗದು. ಮನೆಯಲ್ಲಿ ಒಂದು ದೀಪ ಅತಿಯಾಗಿ ಉರಿಯುತ್ತಿದೆಯೆಂದು ಇಡೀ ಮನೆಯ ವೋಲ್ಟೇಜನ್ನೇ ತಗ್ಗಿಸಿದರೆ, ಆ ದೀಪದೊಡನೆ ಉಳಿದ ದೀಪಗಳೂ ಮಂಕಾಗುವುವಷ್ಟೆ? ಎಕ್ಸ್.ಪಿ.ಬಿ. ಎಲ್ಲ ಕೋಶಗಳಿಗೂ ಬೇಕಾದುದು. ಈ ಸಾರವನ್ನು ಸೇವಿಸಿದ ಪುರುಷರಲ್ಲಿ ವೀರ್ಯಾಣುಗಳು ಕ್ಷೀಣಿಸುವುದೂ ಸ್ತ್ರೀಯರಲ್ಲಿ ಮುಟ್ಟು ನಿಲ್ಲುವುದೂ ಉಂಟು. ಯಕೃತ್ತಿಗೂ ಮೂತ್ರಪಿಂಡಕ್ಕೂ ಹಾನಿ ತಟ್ಟಬಹುದು. ಮುಂದೆ ಮಕ್ಕಳನ್ನು ಪಡೆಯಬಯಸುವ ತರುಣ ರೋಗಿಗೆ ಇದು ಅಲ್ಪವಿಷಯವಲ್ಲ.

ಹುಳುವನ್ನು ಕೊಲ್ಲುವ ಗುಣವೂ ಕೀಲನ್ನು ಕಾಯುವ ಗುಣವೂ ಒಂದೇ ಬೇರಿನಲ್ಲಿವೆ. ಮೂಲಿಕೆಯೆಂದ ಮಾತ್ರಕ್ಕೆ ನಿರಪಾಯವೆಂದು ನಂಬುವುದೂ, ಹಳ್ಳಿಯ ಮದ್ದೆಂದು ತಾತ್ಸಾರಮಾಡುವುದೂ ಸಮನಾದ ತಪ್ಪುಗಳು. ಪ್ರಮಾಣವನ್ನು ಅಳೆದು, ಫಲವನ್ನು ಪರೀಕ್ಷಿಸಿ, ಬಳಿಕ ನಿರ್ಣಯಿಸುವುದೇ ವಿಜ್ಞಾನದ ಮಾರ್ಗ.